ಏಣಿಯ ಎತ್ತರ, ಕಬ್ಬಿನ ಅಗಲ

2023ರ ಜನವರಿಯಲ್ಲಿ ವಿಧಾನಸೌಧದ ಮುಂದೆ ಅಗ್ನಿಶಾಮಕ ಇಲಾಖೆಯ ಹೊಸ ವಾಹನವೊಂದು ಸೇವೆಗೆ ಸೇರಿತು. ಫಿನ್ಲೆಂಡಿನಿಂದ ತರಿಸಿದ ಬ್ರಾಂಟೊ ಏರಿಯಲ್ ಲ್ಯಾಡರ್. ಚಾಚಿದರೆ 90 ಮೀಟರ್ ಎತ್ತರ, ಬೆಲೆ ಸುಮಾರು 31 ಕೋಟಿ ರೂಪಾಯಿ. ಮೂವತ್ತು ಮಹಡಿಯ ಕಟ್ಟಡಗಳು ಎದ್ದಿರುವ ಬೆಂಗಳೂರಿಗೆ ಅದು ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆ ಚಿತ್ರ ನಮ್ಮ ತಲೆಯಲ್ಲಿ ಬಿಟ್ಟುಹೋದ ಕಲ್ಪನೆಯ ಬಗ್ಗೆ. ಆಧುನಿಕ ಅಗ್ನಿಶಾಮಕ ದಳವೆಂದರೆ ದೊಡ್ಡ ಗಾಡಿ, ಉದ್ದನೆಯ ಏಣಿ, ಕೆಂಪು ಬಣ್ಣದ ಹೊಳಪು ಎಂದು ನಾವು ನಂಬಿಬಿಟ್ಟಿದ್ದೇವೆ. 2010ರ ಫೆಬ್ರವರಿಯಲ್ಲಿ ಅದೇ ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಆ ಕಟ್ಟಡ ಏಳೇ ಮಹಡಿಯದು. ಅಲ್ಲಿ ಜೀವ ತೆಗೆದದ್ದು ಏಣಿಯ ಗಿಡ್ಡತನವಲ್ಲ. ಒಳಗೆ ತುಂಬಿದ ಹೊಗೆ, ಇಳಿದು ಬರಲಾಗದ ದಾರಿ, ಉಸಿರುಗಟ್ಟಿ ಕಿಟಕಿಯಿಂದ ಹಾರಿದವರ ಹತಾಶೆ. ಹಾಗಾಗಿ ಯಾವ ಊರಿಗೆ ಯಾವ ವಾಹನ ಎಂಬ ಪ್ರಶ್ನೆಯನ್ನು ಗಾಡಿಯ ಕಡೆಯಿಂದ ಕೇಳಬಾರದು, ಆ ಊರಿನ ಬೆಂಕಿಯ ಕಡೆಯಿಂದ ಕೇಳಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಕಾರ್ಖಾನೆಗಳ ಚಿಮಣಿ ಬಿಟ್ಟರೆ ಎತ್ತರದ್ದು ಹೆಚ್ಚೇನಿಲ್ಲ. ಇಲ್ಲಿ ಬೆಂಕಿ ಮೇಲಕ್ಕೆ ಹೋಗುವುದಿಲ್ಲ, ಅಗಲಕ್ಕೆ ಹೋಗುತ್ತದೆ.

ಈ ಪ್ರಶ್ನೆಗೆ ಈಗಲೇ ಕಾಲ ಕೂಡಿಬಂದಿರುವುದಕ್ಕೆ ಕಾರಣವಿದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಾಯಿತು. ಅಗ್ನಿಶಾಮಕ ಗಾಡಿ ವರ್ಷದ ಬಹುಪಾಲು ಠಾಣೆಯ ಶೆಡ್ಡಿನಲ್ಲೇ ನಿಂತಿರುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಅದು ಎಳೆಯದು, ವರ್ಷದ ಲೆಕ್ಕದಲ್ಲಿ ಮುದಿ. ರಾಜ್ಯದ ಅನೇಕ ಹಳೆಯ ವಾಹನಗಳು ಹೀಗೆ ಸರದಿಗೆ ಬಂದವು. ಅದೇ ವರ್ಷ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆಯನ್ನೂ ಪ್ರಕಟಿಸಿತು. ಹಳೆಯದನ್ನು ತೆಗೆಯಬೇಕಾದಾಗಲೇ ಹೊಸದಕ್ಕೆ ದುಡ್ಡಿನ ದಾರಿ ತೆರೆಯಿತು. ಹೋದ ಗಾಡಿಯ ಜಾಗಕ್ಕೆ ಅಂಥದ್ದೇ ಗಾಡಿ ತಂದು ನಿಲ್ಲಿಸುವುದು ಸುಲಭದ ದಾರಿ. ಅದು ಸರಿಯಾದ ದಾರಿಯೇ ಎಂಬುದನ್ನು ನೋಡಬೇಕು.

ಮೊದಲು ಕಬ್ಬು. ಹತ್ತು–ಹನ್ನೆರಡು ಅಡಿ ಬೆಳೆದ ಕಬ್ಬಿನ ಬುಡದಲ್ಲಿ ಒಣಗಿದ ರವದಿ ಮೊಣಕಾಲುದ್ದ ಬಿದ್ದಿರುತ್ತದೆ. ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಮಳೆ ನಿಂತು ಗಾಳಿ ಒಣಗಿರುತ್ತದೆ. ಮೇಲೆ ಜೋತುಬಿದ್ದ ಎರಡು ವಿದ್ಯುತ್ ತಂತಿ ಗಾಳಿಗೆ ತಾಕಿ ಕಿಡಿ ಉದುರಿದರೆ ಸಾಕು. ಬೆಂಕಿ ನೆಲದ ರವದಿಯನ್ನು ಹಿಡಿದು, ಒಣ ಗರಿಯ ಮೂಲಕ ತಲೆಗೇರಿ, ಗಾಳಿ ಬೀಸಿದ ದಿಕ್ಕಿಗೆ ಓಡುತ್ತದೆ. ಒಂದು ಎಕರೆಯಲ್ಲಿ ಹುಟ್ಟಿದ್ದು ಬದು ದಾಟಿ ಮೂರನೆಯವನ ಹೊಲಕ್ಕೆ ಹೋಗಲು ಅರ್ಧ ತಾಸು ಬೇಕಿಲ್ಲ. ಸುಟ್ಟ ಕಬ್ಬು ಪೂರ್ತಿ ಹಾಳೇನೂ ಅಲ್ಲ. ಆದರೆ ಅದನ್ನು ಬೇಗ ಕಡಿದು ಕಾರ್ಖಾನೆಗೆ ಮುಟ್ಟಿಸದಿದ್ದರೆ ತೂಕ ಇಳಿಯುತ್ತದೆ, ಸಕ್ಕರೆಯ ಇಳುವರಿಯೂ ಇಳಿಯುತ್ತದೆ. ಸರದಿ ಹಾಗೂ ದರ ಎರಡರಲ್ಲೂ ರೈತನ ಕೈ ಕೆಳಗಾಗುತ್ತದೆ. ಪಕ್ಕದಲ್ಲೇ ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳೂ ಇರಬಹುದು. ರವದಿಯಿಂದಲೇ ಹೊದಿಸಿದ ಆ ಗುಡಿಸಲುಗಳಲ್ಲಿ ಮಕ್ಕಳು ಮಲಗಿರುತ್ತಾರೆ. ಆಗ ಬೇಕಾದದ್ದು ಹತ್ತು ನಿಮಿಷದಲ್ಲಿ ಬರುವ ಸ್ವಲ್ಪ ನೀರು. ಒಂದು ತಾಸಿನ ನಂತರ ಬರುವ ಬಹಳ ನೀರು ಬೂದಿ ತೋಯಿಸುವುದಕ್ಕಷ್ಟೇ ಸಾಕು.

ಅಗ್ನಿಶಾಮಕ ಠಾಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಟರ್ ಟೆಂಡರ್ ಸುಮಾರು 4,500 ಲೀಟರ್ ನೀರು ಹೊರುತ್ತದೆ. ನೀರೊಂದೇ ನಾಲ್ಕೂವರೆ ಟನ್. ಮೇಲೆ ಚಾಸಿ, ಪಂಪು, ಏಣಿ, ಪೈಪು, ಜನ. ಡಾಂಬರು ರಸ್ತೆಯಲ್ಲಿ ಅದು ರಾಜ. ಮಳೆಗಾಲ ಮುಗಿದು ಇನ್ನೂ ಹಸಿ ಆರದ ಎರೆ ಭೂಮಿಯ ಬಂಡಿದಾರಿಯಲ್ಲಿ, ಡಬಲ್ ಟ್ರಾಲಿಯ ಟ್ರ್ಯಾಕ್ಟರುಗಳು ತೋಡಿಟ್ಟ ಜಾಡಿನಲ್ಲಿ ಅದರ ಗಾಲಿ ಹೂತರೆ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ದಾರಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನಿಮಿಷಕ್ಕೆ 1,800 ಲೀಟರ್ ಎಸೆಯುವ ಪಂಪನ್ನು ಪೂರ್ತಿ ಬಿಟ್ಟರೆ ಆ ಟ್ಯಾಂಕು ಎರಡೂವರೆ ನಿಮಿಷದಲ್ಲಿ ಖಾಲಿ. ಕೈ ಹಿಡಿತ ಮಾಡಿ ಒಂದೇ ಪೈಪಿನಲ್ಲಿ ನಿಮಿಷಕ್ಕೆ 300 ಲೀಟರಿನಂತೆ ಬಿಟ್ಟರೆ ಹದಿನೈದು ನಿಮಿಷ. ಆಮೇಲೆ? ಗಾಡಿ ನೀರು ತುಂಬಿಸಲು ಎಲ್ಲಿಗೆ ಹೋಗುತ್ತದೆ, ತಿರುಗಿ ಯಾವಾಗ ಬರುತ್ತದೆ ಎಂಬುದರ ಮೇಲೆ ಉಳಿದ ಹೊಲದ ಹಣೆಬರಹ ನಿಂತಿರುತ್ತದೆ. ಗಡಿಭಾಗದ ಮರಾಠಿ ಮಾತಿನಲ್ಲಿ ಅಗ್ನಿಶಾಮಕ ಗಾಡಿಗೆ ‘ಬಂಬ’ ಎನ್ನುತ್ತಾರೆ. ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಹಂಡೆಗೂ ಅದೇ ಹೆಸರಾದ್ದರಿಂದ ಅದು ತೊಟ್ಟಿಯ ಹೆಸರೆಂದು ತೋರಬಹುದು. ಮೂಲದಲ್ಲಿ ಅದು ಪೋರ್ಚುಗೀಸರ ‘ಬೊಂಬಾ’, ಅರ್ಥ, ಪಂಪು. ನಾವು ಮರೆತ ಮಾತನ್ನು ಆ ಶಬ್ದ ಇಟ್ಟುಕೊಂಡಿದೆ. ಅಗ್ನಿಶಾಮಕ ವಾಹನ ನೀರು ಹೊರುವ ಗಾಡಿಯಲ್ಲ, ಇದ್ದ ನೀರನ್ನು ಬೆಂಕಿಗೆ ಮುಟ್ಟಿಸುವ ಗಾಡಿ.

ಇದ್ದ ನೀರು ಎಂದರೆ ಈ ಐದು ತಾಲೂಕುಗಳ ನದಿ ಸೀಮೆಯಲ್ಲಿ ಅದಕ್ಕೇನು ಕೊರತೆ? ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಇಲ್ಲೇ ಹರಿಯುತ್ತವೆ. ದಂಡೆಯ ಜಾಕ್‌ವೆಲ್ಲುಗಳಿಂದ ಹೊರಟ ಏತ ನೀರಾವರಿಯ ಪೈಪ್‌ಲೈನುಗಳು ಕಿಲೋಮೀಟರುಗಟ್ಟಲೆ ನೆಲದಡಿ ಹೋಗಿ ಹೊಲಹೊಲದಲ್ಲೂ ತಲೆ ಎತ್ತಿವೆ. ಯಾವ ಅಗ್ನಿಶಾಮಕ ಇಲಾಖೆಯೂ ಕಟ್ಟಲಾಗದಷ್ಟು ದೊಡ್ಡ ನೀರಿನ ಜಾಲವನ್ನು ರೈತರು ಸ್ವಂತ ದುಡ್ಡಿನಲ್ಲಿ, ಸೊಸೈಟಿ ಸಾಲದಲ್ಲಿ ಈಗಾಗಲೇ ಹಾಸಿಬಿಟ್ಟಿದ್ದಾರೆ. ಇಲ್ಲದಿರುವುದು ಒಂದೇ, ಆ ಪೈಪಿಗೂ ಅಗ್ನಿಶಾಮಕ ದಳದ ಹೋಸಿಗೂ ಜೋಡಿಸುವ ಜಾಯಿಂಟು. ದಳದ ಹೋಸಿನ ಬಾಯಿ 63 ಮಿಲಿಮೀಟರಿನ, ಒತ್ತಿದರೆ ಕಚ್ಚಿಕೊಳ್ಳುವ ಕಪ್ಲಿಂಗ್. ಹೊಲದ ಪೈಪಿನದು ಮೂರಿಂಚು, ನಾಲ್ಕಿಂಚು, ಆಯಾ ಅಂಗಡಿಯ ಅಳತೆ. ಒಂದಕ್ಕೊಂದು ಕೂಡುವುದಿಲ್ಲ. ಲೇಥ್ ಇರುವ ಯಾವ ವರ್ಕ್‌ಶಾಪಿನಲ್ಲೂ ಮಾಡಿಸಬಹುದಾದ ಅಡಾಪ್ಟರಿನ ಒಂದು ಚೀಲ ಪ್ರತಿ ಗಾಡಿಯಲ್ಲಿದ್ದರೆ, ಯಾವ ಊರಿನ ಯಾವ ವಾಲ್ವಿನ ಹತ್ತಿರ ಗಾಡಿ ನಿಲ್ಲಬಲ್ಲದು ಎಂಬ ನಕ್ಷೆ ಚಾಲಕನ ಕೈಯಲ್ಲಿದ್ದರೆ, ಎರಡನೆಯ ಟ್ಯಾಂಕಿಗಾಗಿ ಊರು ಸುತ್ತುವುದು ತಪ್ಪುತ್ತದೆ. ಇದಕ್ಕೆ ಎದುರಾಗಿ ಒಂದು ಮಾತು ಬರುತ್ತದೆ, ಅದು ಸರಿಯಾದ ಮಾತೇ. ಕೃಷಿ ಪಂಪುಗಳಿಗೆ ತ್ರೀ ಫೇಸ್ ಕರೆಂಟು ದಿನದ ಕೆಲವೇ ತಾಸು. ಬೆಂಕಿ ಬಿದ್ದಾಗ ಹೆಸ್ಕಾಂನವರು ಮೊದಲು ಮಾಡುವ ಕೆಲಸವೇ ಲೈನ್ ಬಂದ್ ಮಾಡುವುದು, ಮಾಡಲೇಬೇಕು. ಆಗ ಪೈಪಿನಲ್ಲಿ ನೀರು ಎಲ್ಲಿಂದ ಬರಬೇಕು? ಅದಕ್ಕೇ ಈ ಭಾಗಕ್ಕೆ ಮೊದಲು ಬೇಕಾದ ವಿಶೇಷ ಉಪಕರಣ ಹೊತ್ತೊಯ್ಯುವ ಪಂಪು. ಇಬ್ಬರು ನಾಲ್ವರು ಹಿಡಿದು ಇಳಿಸಬಹುದಾದ, ಪೆಟ್ರೋಲು ಇಲ್ಲವೆ ಡೀಸೆಲಿನಲ್ಲಿ ಓಡುವ ಪಂಪು. ಬಾವಿ, ಕಾಲುವೆ, ಕೃಷಿ ಹೊಂಡ, ನದಿಯ ಮಡು ಯಾವುದರ ಪಕ್ಕದಲ್ಲಾದರೂ ಇಟ್ಟು ಎಳೆಯಬಹುದು. ಜರ್ಮನಿಯ ಹಳ್ಳಿಗಳು ಬಹುಕಾಲದಿಂದ ನೆಚ್ಚಿಕೊಂಡದ್ದು ಇದನ್ನೇ: ದೊಡ್ಡ ಟ್ಯಾಂಕಿಲ್ಲದ, ಒಂದು ಸಣ್ಣ ಗಾಡಿ, ಅದರೊಳಗೆ ಒಂದು ಪಂಪು, ಓಡಿಸಲು ಊರಿನದೇ ಸ್ವಯಂಸೇವಕರು. ಆ ದೇಶದಲ್ಲಿ ಅಂಥ ಸ್ವಯಂಸೇವಕರು ಸುಮಾರು ಹತ್ತು ಲಕ್ಷ.

ಸಣ್ಣ ಗಾಡಿ ದೊಡ್ಡ ಬೆಂಕಿಯನ್ನು ಏನು ಮಾಡೀತು ಎಂಬುದು ಇದರ ಬೆನ್ನಿಗೇ ಬರುವ ಆಕ್ಷೇಪ. ದೊಡ್ಡ ಬೆಂಕಿಗಳೆಲ್ಲ ಹುಟ್ಟುವಾಗ ಸಣ್ಣವೇ ಎಂದು ಹೇಳಿ ಕೈತೊಳೆದುಕೊಳ್ಳಬಹುದು; ಆದರೆ ವಾದ ಅಷ್ಟು ಸಡಿಲವಾಗಿರಬಾರದು. ನಮ್ಮ ದೇಶದ ಅಗ್ನಿಶಾಮಕ ಸೇವೆಗಳ ಯೋಜನೆಯಲ್ಲಿ ಸ್ಥಳ ತಲುಪಲು ಇಟ್ಟುಕೊಂಡ ಗುರಿ ನಗರಗಳಲ್ಲಿ 5ರಿಂದ 7 ನಿಮಿಷ, ಹಳ್ಳಿಗಳಲ್ಲಿ 20 ನಿಮಿಷ. ಇಪ್ಪತ್ತು ನಿಮಿಷದಲ್ಲಿ ನಮ್ಮ ರಸ್ತೆಗಳಲ್ಲಿ ಭಾರದ ಗಾಡಿ ಹನ್ನೆರಡು–ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ತಾಲೂಕು ಕೇಂದ್ರದ ಠಾಣೆಯನ್ನು ನಡುವಿಟ್ಟು ಅಷ್ಟು ಅಳತೆಯ ವೃತ್ತ ಎಳೆದು ನೋಡಿ. ಅಥಣಿಯಂಥ ಹರವಾದ ತಾಲೂಕಿನಲ್ಲಿ ಎಷ್ಟೋ ಹಳ್ಳಿ ಹೊರಗೇ ಉಳಿಯುತ್ತವೆ. ಮಳೆಗಾಲದಲ್ಲಿ ಆ ವೃತ್ತವೂ ಹರಿಯುತ್ತದೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ, ಮಲಿಕವಾಡ–ದತ್ತವಾಡ: ಪ್ರತಿ ಜುಲೈನಲ್ಲಿ ಪತ್ರಿಕೆ ಓದುವವರಿಗೆ ಬಾಯಿಪಾಠವಾದ ಹೆಸರುಗಳಿವು. ಕೆಳಮಟ್ಟದ ಈ ಸೇತುವೆಗಳು ಮುಳುಗಿದ ದಿನ ಕಣ್ಣೆದುರಿನ ಊರು ಸುತ್ತುದಾರಿಯ ಊರಾಗುತ್ತದೆ. ಆದ್ದರಿಂದ ಒಂದು ಠಾಣೆಗೆ ಇನ್ನೂ ದೊಡ್ಡ ಗಾಡಿ ಕೊಟ್ಟರೆ ದೂರ ಕಡಿಮೆಯಾಗುವುದಿಲ್ಲ. ಪಿಕಪ್ ಗಾತ್ರದ ಚಾಸಿಯ ಮೇಲೆ ನಾನೂರೋ ಐನೂರೋ ಲೀಟರ್ ನೀರು, ಅದನ್ನು ಮಂಜಿನಂತೆ ಸಣ್ಣ ಹನಿಯಾಗಿ ಒಡೆಯುವ ಹೆಚ್ಚಿನ ಒತ್ತಡದ ಪಂಪು, ಮೂವರು ಸಿಬ್ಬಂದಿ ಇರುವ ಗಾಡಿಯನ್ನು ನದಿಯ ಎರಡೂ ದಂಡೆಯ ಹೋಬಳಿಗಳಲ್ಲಿ ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಸಣ್ಣ ಹನಿ ಬೇಗ ಆವಿಯಾಗಿ ಹೆಚ್ಚು ಶಾಖ ಹೀರುವುದರಿಂದ ಕಡಿಮೆ ನೀರಿನಲ್ಲೇ ಹೆಚ್ಚು ಕೆಲಸವಾಗುತ್ತದೆ; ಮನೆ, ಅಂಗಡಿ, ವಾಹನದ ಬೆಂಕಿಗೆ ಅದು ಹೇಳಿ ಮಾಡಿಸಿದ್ದು. ಬಯಲಿನ ಗಾಳಿಯಲ್ಲಿ ಆ ಮಂಜು ಹಾರಿಹೋಗುತ್ತದೆ ಎಂಬುದೂ ನಿಜ, ಅಲ್ಲಿ ಹೊತ್ತೊಯ್ಯುವ ಪಂಪೇ ಗತಿ. ತೆಲಸಂಗದ ಕಡೆ ದ್ರಾಕ್ಷಿ ಬೆಳೆಗಾರರ ಹತ್ತಿರ ಔಷಧ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರುಗಳಿವೆಯಲ್ಲ, ಅವೂ ತೊಳೆದು ನೀರು ತುಂಬಿಸಿದರೆ ಬಣವೆಯ ಬೆಂಕಿಗೆ ಮೊದಲ ಹತ್ತು ನಿಮಿಷದ ಬಂಬಗಳೇ.

ಹಾಗೆಂದು ದೊಡ್ಡ, ವಿಶೇಷ ವಾಹನವೇ ಬೇಡವೆಂದರೆ ಅದು ಇನ್ನೊಂದು ಅತಿರೇಕ. ಈ ಸೀಮೆಯ ಮೂರು ಅಪಾಯಗಳು ಸಣ್ಣ ಗಾಡಿಗೆ ಜಗ್ಗುವಂಥವಲ್ಲ. ಮೊದಲನೆಯದು ಎಥೆನಾಲ್. ಉಗಾರ ಖುರ್ದದಿಂದ ಹಿಡಿದು ಈ ಭಾಗದ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳು ಇಂದು ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಆಧಾರ, ಪೆಟ್ರೋಲಿನಲ್ಲಿ ಶೇ. 20 ಬೆರೆಸುವ ಗುರಿಯನ್ನು ದೇಶ ಮುಟ್ಟಿದ ಮೇಲಂತೂ ಟ್ಯಾಂಕುಗಳ ಗಾತ್ರವೂ ಟ್ಯಾಂಕರುಗಳ ಓಡಾಟವೂ ಹೆಚ್ಚಿವೆ. ಎಥೆನಾಲಿನ ಜ್ವಾಲೆ ಹಗಲಿನ ಬಿಸಿಲಿನಲ್ಲಿ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲಿನ ಬೆಂಕಿಯ ಮೇಲೆ ಹೊದಿಕೆಯಂತೆ ಕೂರುವ ಸಾಮಾನ್ಯ ನೊರೆ ಇದರ ಮೇಲೆ ಕೂರುವುದಿಲ್ಲ. ನೀರಿನೊಡನೆ ಬೆರೆಯುವ ಗುಣವುಳ್ಳ ಎಥೆನಾಲ್ ನೊರೆಯೊಳಗಿನ ನೀರನ್ನೇ ಹೀರಿ ಅದನ್ನು ಒಡೆದುಹಾಕುತ್ತದೆ. ನೀರು ಸುರಿದು ತೆಳುವಾಗಿಸೋಣವೆಂದರೆ, ಐದರಲ್ಲಿ ಒಂದು ಪಾಲಿಗೆ ಇಳಿಸಿದರೂ ಸುಮಾರು 36 ಡಿಗ್ರಿ ಉಷ್ಣದಲ್ಲಿ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅಥಣಿಯ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ. ಅದಕ್ಕೆ ಬೇಕಾದದ್ದು ಆಲ್ಕೋಹಾಲಿಗೆ ಕರಗದ ಬೇರೆ ಜಾತಿಯ ನೊರೆ, ಅದನ್ನು ಹೊತ್ತ ಫೋಮ್ ಟೆಂಡರ್. ಕಾರ್ಖಾನೆಗಳು ತಮ್ಮ ವ್ಯವಸ್ಥೆ ತಾವೇ ಇಟ್ಟುಕೊಳ್ಳಬೇಕು, ಸರ್ಕಾರಕ್ಕೇಕೆ ಆ ಹೊರೆ ಎಂದು ಕೇಳುವವರಿದ್ದಾರೆ. ಕಾನೂನಿನ ಪ್ರಕಾರ ಅವು ಇಟ್ಟುಕೊಳ್ಳಬೇಕು, ನಿಜ. ಆದರೆ ಕಾರ್ಖಾನೆಯ ಗೇಟು ದಾಟಿ ಹೆದ್ದಾರಿಗೆ ಬಂದ ಟ್ಯಾಂಕರ್ ಮಗುಚಿದರೆ ಅದು ಯಾರ ಬೆಂಕಿ? ಇಲ್ಲಿ ದಾರಿ ಒಂದಿದೆ: ಪ್ರತಿ ಠಾಣೆಗೊಂದು ಫೋಮ್ ಟೆಂಡರ್ ಬೇಡ, ಐದೂ ತಾಲೂಕಿಗೆ ಒಂದು ಸಾಕು, ಕಾರ್ಖಾನೆಗಳು ನೊರೆಯ ದ್ರಾವಣವನ್ನು ಒಂದೇ ಜಾತಿಯದನ್ನು ಇಟ್ಟುಕೊಳ್ಳಲಿ, ಒಬ್ಬರ ದಾಸ್ತಾನು ಇನ್ನೊಬ್ಬರಿಗೆ ಒದಗುವಂತೆ ಬರೆದುಕೊಳ್ಳಲಿ.

ಎರಡನೆಯದು ನಿಪ್ಪಾಣಿಯ ತಂಬಾಕಿನ ವಖಾರಿಗಳು. ಒತ್ತಿ ಪೇರಿಸಿದ ತಂಬಾಕು ಭಗ್ಗನೆ ಉರಿಯುವುದಕ್ಕಿಂತ ಒಳಗೊಳಗೇ ಹೊಗೆಯಾಡುವುದು ಹೆಚ್ಚು. ಮೇಲೆ ನೀರು ಹೊಡೆದರೆ ಹೊರಪದರ ತೋಯುತ್ತದೆ, ಒಡಲಿನ ಕೆಂಡ ಹಾಗೇ ಇರುತ್ತದೆ, ಮರುದಿನ ಮತ್ತೆ ಹೊಗೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಹಡಗಿನಲ್ಲಿ ಆದದ್ದು ಇದೇ. ಹತ್ತಿಯ ಬೇಲುಗಳಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗೆ ನೀರು ಸುರಿದೇ ಸುರಿದರು, ಅದು ಸಿಕ್ಕಲಿಲ್ಲ; ಅದೇ ಹಡಗಿನಲ್ಲಿದ್ದ ಸ್ಫೋಟಕಗಳಿಗೆ ಬೆಂಕಿ ತಗುಲಿ ನೂರಾರು ಜನ ಸತ್ತರು, ಅವರಲ್ಲಿ ಅಗ್ನಿಶಾಮಕ ಸಿಬ್ಬಂದಿಯೇ 66. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅವರ ನೆನಪಿಗೆ. ವಖಾರಿಯಲ್ಲಿ ಸ್ಫೋಟಕವಿಲ್ಲ, ಅಷ್ಟೇ ವ್ಯತ್ಯಾಸ. ಅಲ್ಲಿ ಕೊಲ್ಲುವುದು ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಳಗೆ ಹೋಗಬಲ್ಲ ಸಿಬ್ಬಂದಿ, ಖಾಲಿಯಾದ ಸಿಲಿಂಡರನ್ನು ಸ್ಥಳದಲ್ಲೇ ತುಂಬಿಸುವ ಕಂಪ್ರೆಸರ್, ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ, ರಾಶಿಯನ್ನು ಹೊರಗೆಳೆದು ಬಿಚ್ಚಲು ಒಂದು ಜೆಸಿಬಿ ಇಲ್ಲಿಯ ನಿಜವಾದ ಅಗ್ನಿಶಾಮಕ ಉಪಕರಣಗಳು. ನೀರಿನ ಗಾಡಿ ಅವುಗಳ ನಂತರ.

ಮೂರನೆಯದು ಹೆದ್ದಾರಿ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ನಿಪ್ಪಾಣಿಯ ಮೈಮೇಲೆಯೇ ಹೋಗುತ್ತದೆ, ತವಂದಿ ಘಾಟಿನ ಇಳಿಜಾರು ಅಪಘಾತಕ್ಕೆ ಹೆಸರಾದದ್ದು. ಅಪ್ಪಚ್ಚಿಯಾದ ಕ್ಯಾಬಿನ್ನಿನಲ್ಲಿ ಕಾಲು ಸಿಕ್ಕಿಕೊಂಡ ಚಾಲಕನನ್ನು ಕ್ರೇನಿನಿಂದ ಎಳೆದರೆ ಕಾಲೇ ಹೋಗುತ್ತದೆ. ಕಬ್ಬಿಣವನ್ನು ಕತ್ತರಿಯಂತೆ ತುಂಡರಿಸುವ, ದವಡೆಯಂತೆ ಅಗಲಿಸುವ ಹೈಡ್ರಾಲಿಕ್ ಉಪಕರಣ ಬೇಕು. ಈಗ ಅದು ಬ್ಯಾಟರಿಯಲ್ಲಿ ಓಡುವಷ್ಟು ಹಗುರಾಗಿದೆ. ಪಿಕಪ್ಪಿನ ಹಿಂಬದಿಯಲ್ಲಿ ಕೂರುತ್ತದೆ. ಆಂಬುಲೆನ್ಸ್ ಬೇಗ ಬಂದರೂ ಕಟರ್ ಬರುವ ತನಕ ಅದು ಕಾಯುತ್ತ ನಿಲ್ಲುತ್ತದಾದ್ದರಿಂದ ಎರಡೂ ಒಂದೇ ಕಡೆಯಿಂದ ಹೊರಡಬೇಕು. ಇನ್ನು ಅಡುಗೆ ಅನಿಲದ ಟ್ಯಾಂಕರಿನ ಮಾತೇ ಬೇರೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಮಗುಚಿದ ಟ್ಯಾಂಕರಿನ ಅನಿಲ ಸುತ್ತಲ ಮನೆಗಳನ್ನು ಸುಟ್ಟದ್ದು ರಾಜ್ಯಕ್ಕೆ ಪಾಠ. ಅಂಥ ಕಡೆ ಉರಿಯನ್ನು ಆರಿಸುವ ಆತುರಕ್ಕಿಂತ ಟ್ಯಾಂಕಿನ ಮೈಯನ್ನು ತಾಸುಗಟ್ಟಲೆ ನೀರಿನಲ್ಲಿ ತಂಪಾಗಿಡುವುದು ಮುಖ್ಯ. ಸಾವಿರಾರು ಲೀಟರಿನ ವಾಟರ್ ಬೌಸರುಗಳ ಸಾಲು ಬೇಕಾಗುವ ಜಾಗ ಅದು, ದೊಡ್ಡ ಗಾಡಿಯ ಪರ ವಾದಿಸುವವರ ಮಾತನ್ನು ಅಲ್ಲಿ ಪೂರ್ತಿ ಒಪ್ಪಲೇಬೇಕು.

ಆದರೆ ಆ ದೊಡ್ಡ ಗಾಡಿಗಳು ಎಲ್ಲಿಂದ ಬರುತ್ತವೆ? ನಿಪ್ಪಾಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ ಎಪ್ಪತ್ತು ಕಿಲೋಮೀಟರಿಗೂ ಮೇಲೆ. ಗಡಿಯಾಚೆ ಮಹಾರಾಷ್ಟ್ರದ ಕೊಲ್ಹಾಪುರ ನಲವತ್ತರ ಆಸುಪಾಸು, ಕಾಗಲ ಅದರ ಅರ್ಧ. ಕಾಗವಾಡಕ್ಕೆ ಮೀರಜ ಇಪ್ಪತ್ತು ಕಿಲೋಮೀಟರಿನೊಳಗೆ, ಬೆಳಗಾವಿ ನೂರರ ಆಚೆ. ಸಂವಿಧಾನದ 12ನೇ ಪರಿಶಿಷ್ಟದಲ್ಲಿ ಅಗ್ನಿಶಾಮಕ ಸೇವೆ ನಗರಾಡಳಿತದ ಕೆಲಸವೆಂದು ಬರೆದಿದೆ. ಮಹಾರಾಷ್ಟ್ರ ಅದನ್ನು ಹಾಗೆಯೇ ನಡೆಸುತ್ತದೆ, ಅಲ್ಲಿ ಬಂಬ ಮಹಾನಗರಪಾಲಿಕೆ, ನಗರಪರಿಷತ್ತಿನದು. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳದ ಕಾಯ್ದೆಯಡಿ ಅದು ರಾಜ್ಯದ ಒಂದೇ ಇಲಾಖೆ. ಹಾಗಾಗಿ ಗಡಿಯಾಚೆ ಸಹಾಯ ಕೇಳುವಾಗ ಇಲಾಖೆ ಇಲಾಖೆಯೊಡನೆ ಮಾತಾಡುವುದಿಲ್ಲ, ಇಲಾಖೆ ಒಂದು ಪಾಲಿಕೆಯೊಡನೆ ಮಾತಾಡಬೇಕು. ಡೀಸೆಲ್ ಖರ್ಚು ಯಾರದು, ಗಾಯವಾದ ಸಿಬ್ಬಂದಿಯ ವಿಮೆ ಯಾರದು, ಸ್ಥಳದಲ್ಲಿ ಯಾರ ಆಜ್ಞೆ ನಡೆಯಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟ ಒಪ್ಪಂದವಾಗಬೇಕು. ಗಡಿಯಲ್ಲಿ 112ಕ್ಕೆ ಮಾಡಿದ ಕರೆಯನ್ನು ಆಚೆಯ ಟವರ್ ಹಿಡಿದರೆ ಅದು ಆಚೆಯ ನಿಯಂತ್ರಣ ಕೊಠಡಿಗೂ ಹೋಗಬಹುದು. ಅಲ್ಲಿಂದ ಇಲ್ಲಿಗೆ ದಾಟಿಸುವ ನೇರ ಫೋನು ಇರಬೇಕು. ಗಡಿ ತಂಟೆಯ ರಾಜಕೀಯದಲ್ಲಿ ಇಂಥ ಒಪ್ಪಂದ ಆಗುವುದುಂಟೇ ಎಂದು ಅನುಮಾನಿಸುವವರಿಗೆ ಹೇಳಬಹುದಾದದ್ದು ಇಷ್ಟು: ಕೋಯ್ನಾದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬ ಲೆಕ್ಕವನ್ನು ಎರಡೂ ಕಡೆಯ ಅಧಿಕಾರಿಗಳು ಪ್ರತಿ ಮಳೆಗಾಲ ಹಂಚಿಕೊಳ್ಳುತ್ತಲೇ ಇದ್ದಾರೆ. ನೀರಿಗೆ ಆದದ್ದು ಬೆಂಕಿಗೇಕಾಗದು? ಅದು ಗಡಿ ವಿವಾದದ ಮಹಾಜನ ವರದಿ ಓದಿಕೊಂಡು ಹೊತ್ತುವುದಿಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ಮಾತು ದೋಣಿಯ ಬಗ್ಗೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ಮುಚ್ಚಿತು. ಬೆಳಗಾವಿಯಿಂದ ನದಿಯಾಚೆಯ ಊರುಗಳಿಗೆ ಹೋಗಬೇಕಾದ ಯಾವ ವಿಶೇಷ ವಾಹನಕ್ಕೂ ಆಗ ನೇರ ದಾರಿಯಿರಲಿಲ್ಲ. ದೋಣಿಯಂಥ ನೆರೆ ಉಪಕರಣ ನೆರೆ ಬಂದ ಮೇಲೆ ಹೊರಡುವಂತಿರಬಾರದು, ನದಿಯ ಈಚೆಗೂ ಆಚೆಗೂ ಜೂನಿನಲ್ಲೇ ಇರಬೇಕು. ಬೆಂಕಿಯಲ್ಲದಿದ್ದರೂ ಇದೇ ದಳದ ಪಾಲಿಗೆ ಬರುವ ಕೊಳವೆಬಾವಿಯ ಕತೆ ಇನ್ನೂ ಕಹಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಕೊಳವೆಬಾವಿಗೆ ಬಿದ್ದಳು. ಎರಡು ದಿನಕ್ಕೂ ಮೀರಿ ಅಗೆದರೂ ಜೀವ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಸುಮಾರು ಇಪ್ಪತ್ತು ತಾಸಿನ ನಂತರ ಜೀವಂತ ಹೊರಬಂತು. ಆಳ, ಬಂಡೆ, ಮಣ್ಣು ಎಲ್ಲ ಬೇರೆಯಾದ್ದರಿಂದ ಎರಡನ್ನೂ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಎರಡೂ ಕಡೆ ಪಕ್ಕದಲ್ಲಿ ಗುಂಡಿ ತೋಡಿದ್ದು ಹಿಟಾಚಿ, ಜೆಸಿಬಿಯಂಥ ಮಣ್ಣಿನ ಕೆಲಸದ ಯಂತ್ರಗಳು. ಅಂಥ ಯಂತ್ರ, ಬಂಡೆ ಒಡೆಯುವ ಬ್ರೇಕರ್, ಅದನ್ನು ಓಡಿಸುವ ಪಳಗಿದ ಕೈ ಯಾವ ಊರಿನಲ್ಲಿದೆ, ರಾತ್ರಿ ಎರಡಕ್ಕೆ ಯಾರಿಗೆ ಫೋನು ಮಾಡಬೇಕು ಎಂಬ ವಹಿಯನ್ನು ಪ್ರತಿ ಠಾಣೆ ಇಟ್ಟುಕೊಳ್ಳಲು ಕೋಟಿ ರೂಪಾಯಿ ಬೇಕಿಲ್ಲ. ನಿರುಪಯುಕ್ತ ಕೊಳವೆಬಾವಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದ್ದಕ್ಕೆ ತಗಲುವ ಖರ್ಚು ಅದಕ್ಕಿಂತ ಕಡಿಮೆ, ಒಂದು ಕಬ್ಬಿಣದ ಮುಚ್ಚಳ.

ಕೊನೆಯ ಆಕ್ಷೇಪ ಆಡಳಿತದವರದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಹೋಬಳಿಗೊಂದು ಸಣ್ಣ ಗಾಡಿಯೆಂದರೆ ಹೋಬಳಿಗೊಂದು ಶೆಡ್ಡು, ಮೂರು ಪಾಳಿಗೆ ಚಾಲಕರು, ಸಿಬ್ಬಂದಿ. ಗಾಡಿಯ ಬೆಲೆ ಒಮ್ಮೆ, ಸಂಬಳ ಮೂವತ್ತು ವರ್ಷ. ಸರಿ. ಆದರೆ ಈ ಭಾಗದ ಬೆಂಕಿಗೆ ಹಂಗಾಮು ಇದೆ: ನವೆಂಬರಿನಿಂದ ಏಪ್ರಿಲ್ ತನಕ ಕಬ್ಬು, ಬಣವೆ, ಚಿಂಚಲಿಯ ಮಾಯಕ್ಕನ ಜಾತ್ರೆಯೂ ಆ ನಡುವೆಯೇ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನೆರೆ. ಆದ್ದರಿಂದ ಒಂದೇ ಪಿಕಪ್ಪಿನ ಮೇಲೆ ಬೇಸಿಗೆಯಲ್ಲಿ ಪಂಪು ಮತ್ತು ಹೋಸು, ಮಳೆಗಾಲದಲ್ಲಿ ರಬ್ಬರ್ ಬೋಟು ಮತ್ತು ಅದರ ಇಂಜಿನ್ನು, ವರ್ಷವಿಡೀ ಕಟರ್ ಪೆಟ್ಟಿಗೆ ಹೀಗೆ ಬದಲಿಸಿ ಕೂರಿಸಬಹುದಾದ ಚೌಕಟ್ಟು ಮಾಡಿಸಿದರೆ ಗಾಡಿಯೂ ಸಿಬ್ಬಂದಿಯೂ ವರ್ಷಪೂರ್ತಿ ಕೆಲಸಕ್ಕೆ ಬರುತ್ತಾರೆ. ಶೆಡ್ಡಿಗೆ ಎಪಿಎಂಸಿಯ ಅಂಗಳವಿದೆ, ಪೊಲೀಸ್ ಠಾಣೆಯ ಹಿತ್ತಲಿದೆ. ಪಂಪು ಹೊತ್ತು ಓಡಲು ಪ್ರತಿ ಊರಿನ ಹತ್ತು ಹುಡುಗರಿಗೆ ತರಬೇತಿ ಕೊಟ್ಟು, ವಿಮೆ ಮಾಡಿಸಿ, ಹಾಜರಾದ ದಿನಕ್ಕೆ ಭತ್ಯೆ ಕೊಡಬಹುದು. ಬೆಂಕಿ ಬಿದ್ದಾಗ ಅವರು ಈಗಲೂ ಓಡಿಯೇ ಓಡುತ್ತಾರೆ, ಕೈಯಲ್ಲಿ ಹಸಿ ಟೊಂಗೆ ಹಿಡಿದುಕೊಂಡು. ಮುಂದಿನ ಖರೀದಿಯ ಪಟ್ಟಿ ಬರೆಯುವ ಅಧಿಕಾರಿ ಅದರ ಮೊದಲ ಸಾಲಿನಲ್ಲಿ ‘63 ಮಿ.ಮೀ. ಅಡಾಪ್ಟರ್, ಮೂರಿಂಚಿನ ಹಾಗೂ ನಾಲ್ಕಿಂಚಿನ ಪೈಪಿಗೆ ಹೊಂದುವಂಥದ್ದು’ ಎಂದು ಬರೆದು, ಗಾಡಿಯ ಹೆಸರನ್ನು ಎರಡನೆಯ ಸಾಲಿಗೆ ಬಿಟ್ಟರೆ ಪಟ್ಟಿ ಸರಿಯಾಗಿ ಶುರುವಾದಂತೆ.